ಟಂಕಸಾಲೆಯ ತಪ್ಪೋ, ಕೈಯ ಪೆಟ್ಟೋ?

ಜವಳಗೇರಾ, ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸೀಮೆಯಲ್ಲಿ ಹಳೆಯ ಮನೆಗಳ ಗಂಟುಗಳನ್ನು ಬಿಚ್ಚಿದರೆ ಎರಡು ಬಗೆಯ ರೂಪಾಯಿಗಳು ದೊರೆಯುವುದುಂಟು. ಒಂದು, ಚಾರ್‌ಮಿನಾರಿನ ಚಿತ್ರವುಳ್ಳ ನಿಜಾಮರ ಹಾಲಿ ಸಿಕ್ಕಾ. ಇನ್ನೊಂದು, ಇಂಗ್ಲಿಷ್ ದೊರೆಗಳ ಮುಖವುಳ್ಳ ಕಲ್ದಾರು. ಈ ಸೀಮೆ 1948ರವರೆಗೆ ನಿಜಾಮರ ಆಳಿಕೆಯಲ್ಲಿತ್ತು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರು ಎಂಬುದು ಅಂದಿನ ಲೆಕ್ಕ.

ಇಂಥ ನಾಣ್ಯದಲ್ಲಿ ಅಂಚು ತುಂಡಾಗಿದ್ದರೆ, ಅಕ್ಷರವೊಂದು ಕಾಣದಿದ್ದರೆ, ಅಡ್ಡಗೆರೆಯಿದ್ದರೆ, “ಇದು ಟಂಕಸಾಲೆಯ ತಪ್ಪು, ಲಕ್ಷಗಟ್ಟಲೆ ಬೆಲೆ” ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಆ ಮಾತಿಗೆ ಮರುಳಾಗಿ ಮೊದಲು ಶುಲ್ಕ, ಆಮೇಲೆ ತೆರಿಗೆ ಎಂದು ಹಣ ಕಳಕೊಂಡವರುಂಟು. ತನ್ನ ಹೆಸರನ್ನೂ ಲಾಂಛನವನ್ನೂ ಬಳಸಿ ಹೀಗೆ ವಂಚಿಸುವವರನ್ನು ನಂಬಬಾರದೆಂದೂ, ಹಳೆಯ ನಾಣ್ಯ ನೋಟುಗಳ ಇಂಥ ವ್ಯವಹಾರ ತನ್ನದಲ್ಲವೆಂದೂ ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿ ಎಚ್ಚರಿಸಿತು. ಆದುದರಿಂದ ನಿಜವಾದ ತಪ್ಪನ್ನೂ ಬರಿಯ ಪೆಟ್ಟನ್ನೂ ಬೇರ್ಪಡಿಸುವ ಬಗೆಯನ್ನು ಪ್ರತಿ ಮನೆಯವರೂ ಅರಿತಿರುವುದು ಲೇಸು.

ಮೊದಲು ನಾಣ್ಯ ಹುಟ್ಟುವ ಬಗೆಯನ್ನು ನೋಡೋಣ. ಟಂಕಸಾಲೆಗೆ ಹಳಗನ್ನಡದಲ್ಲಿ ಕಮ್ಮಟವೆಂದು ಹೆಸರು. ಅಲ್ಲಿ ಲೋಹದ ಪಟ್ಟಿಯಿಂದ ದುಂಡು ಬಿಲ್ಲೆಗಳನ್ನು ಕತ್ತರಿಸಿ, ಅವುಗಳ ಅಂಚನ್ನು ಒತ್ತಿ ಎಬ್ಬಿಸಿ, ಮೇಲೊಂದು ಕೆಳಗೊಂದು ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಒಮ್ಮೆಗೇ ಒತ್ತುತ್ತಾರೆ. ಬಿಲ್ಲೆ ಕೆಟ್ಟಿರಬಹುದು, ಅಚ್ಚು ಕೆಟ್ಟಿರಬಹುದು, ಒತ್ತುವಾಗ ಬಿಲ್ಲೆ ಜಾರಿರಬಹುದು. ಟಂಕಸಾಲೆಯ ತಪ್ಪೆಂದರೆ ಈ ಮೂರರಲ್ಲಿ ಒಂದು. ನಾಣ್ಯ ಹೊರಬಿದ್ದ ಮೇಲೆ ಆದುದೆಲ್ಲ ಪೆಟ್ಟು ಅಥವಾ ಸವೆತ. ಆದ ಕಾರಣ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಇದು ಅಚ್ಚಿನ ಕೆಳಗೆ ಆದುದೋ, ಆಮೇಲೆ ಆದುದೋ?

ಗೆರೆಯಿಂದ ಆರಂಭಿಸೋಣ. ಅಚ್ಚು ಬಿರುಕು ಬಿಟ್ಟರೆ ಒತ್ತಡಕ್ಕೆ ಸಿಕ್ಕ ಲೋಹ ಆ ಬಿರುಕಿನೊಳಕ್ಕೆ ನುಗ್ಗುತ್ತದೆ. ನಾಣ್ಯದ ಮೇಲೆ ಉಬ್ಬುಗೆರೆ ಮೂಡುತ್ತದೆ. ಮೊಳೆಯೋ ಕಲ್ಲೋ ಗೀರಿದರೆ ಗೆರೆ ತಗ್ಗಾಗಿರುತ್ತದೆ. ಹೊಸ ಗೀರಾದರೆ ಅದರ ಎರಡು ಬದಿಗೂ ಲೋಹ ಎದ್ದು ನಿಂತಿರುತ್ತದೆ. ಉಬ್ಬಿದ್ದರೆ ಅಚ್ಚಿನದು, ತಗ್ಗಿದ್ದರೆ ಬಹುಮಟ್ಟಿಗೆ ಪೆಟ್ಟಿನದು. ಭೂತಗನ್ನಡಿಯೊಂದಿದ್ದರೆ ಮಕ್ಕಳೂ ಇದನ್ನು ಗುರುತಿಸಬಲ್ಲರು.

ಇನ್ನು ಅಂಚು. ಪಟ್ಟಿಯಲ್ಲಿ ಮೊದಲೇ ಆಗಿದ್ದ ತೂತಿನ ಮೇಲೆ ಕತ್ತರಿ ಮತ್ತೆ ಬಿದ್ದರೆ, ಇಲಿ ಕಚ್ಚಿದ ರೊಟ್ಟಿಯಂತೆ ಒಂದು ಪಕ್ಕ ಬಾಗಿ ತುಂಡಾದ ಬಿಲ್ಲೆ ದೊರೆಯುತ್ತದೆ. ಅಂಚೆಬ್ಬಿಸುವ ಯಂತ್ರದಲ್ಲಿ ಖಾಲಿ ಜಾಗಕ್ಕೆ ನೇರ ಎದುರಿನ ಭಾಗಕ್ಕೆ ಸಾಕಷ್ಟು ಒತ್ತಡ ಸಿಗದು. ಆದುದರಿಂದ ಅಲ್ಲಿಯ ಅಂಚೂ ಮಂಕಾಗಿರುವುದು ಸಾಮಾನ್ಯ. ಅಕ್ಕಸಾಲೆಯ ಕತ್ತರಿಯಿಂದ ತುಂಡಾದುದಾದರೆ ಎದುರಂಚು ನಿಚ್ಚಳವಾಗಿದ್ದು, ಕತ್ತರಿಸಿದ ಕಡೆ ಅಕ್ಷರಗಳು ತಟ್ಟನೆ ಕಡಿದಿರುತ್ತವೆ.

ಚಿತ್ರ ಒಂದು ಪಕ್ಕಕ್ಕೆ ಸರಿದಿದೆಯೆ? ಬಿಲ್ಲೆ ಜಾರಿದ್ದಾದರೆ ಉಳಿದ ಜಾಗ ಬರಿದಾಗಿರುತ್ತದೆ, ಆದರೆ ಲೋಹ ಎಲ್ಲಿಯೂ ಹೋಗಿರದು. ತೂಗಿ ನೋಡಿರಿ. ಹಾಲಿ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಬೆಳ್ಳಿಯ ಕಲ್ದಾರಿನದು 11.66 ಗ್ರಾಂ. ತೂಕ ಸರಿಯಿದ್ದರೆ ಮುಂದೆ ವಿಚಾರಿಸಬಹುದು. ಬಹಳ ಇಳಿದಿದ್ದರೆ ಅರದಿಂದ ಉಜ್ಜಿದ್ದೆಂಬ ಶಂಕೆ ಬಲವಾಗುತ್ತದೆ.

ಒಮ್ಮೊಮ್ಮೆ ಹಿಂದಿನ ನಾಣ್ಯವು ಅಚ್ಚಿಗೇ ಅಂಟಿಕೊಂಡು ಉಳಿಯುತ್ತದೆ. ಮುಂದಿನ ಬಿಲ್ಲೆಯ ಎರಡು ಮುಖಗಳಲ್ಲೂ ಒಂದೇ ಚಿತ್ರ ಬೀಳುತ್ತದೆ. ಒಂದೆಡೆ ಉಬ್ಬು, ಇನ್ನೊಂದೆಡೆ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಇದು ತಗ್ಗಾಗಿದ್ದರೂ ಟಂಕಸಾಲೆಯದೇ. ಎರಡು ನಾಣ್ಯಗಳನ್ನು ಒಟ್ಟಿಗಿಟ್ಟು ಸುತ್ತಿಗೆಯಿಂದ ಬಡಿದು ಇದರ ಸೋಗು ಹಾಕುವವರುಂಟು. ಆಗ ಮೊದಲಿನ ಚಿತ್ರ ಚಪ್ಪಟೆಯಾಗಿ ಅಡಿಯಲ್ಲಿ ಇಣುಕುತ್ತಲೇ ಇರುತ್ತದೆ.

ಅಕ್ಷರ ಮಾಯವಾದುದಕ್ಕೂ ಎರಡು ಕಾರಣಗಳು. ಅಚ್ಚಿನ ಕೊರೆತದಲ್ಲಿ ಎಣ್ಣೆ ಜಿಡ್ಡು ತುಂಬಿದ್ದರೆ ಒಂದೆರಡು ಅಕ್ಷರ ಮಾತ್ರ ಅಳಿದು ನೆರೆಯವು ಚೂಪಾಗಿರುತ್ತವೆ. ಕೈಬದಲಿ ಸವೆದುದಾದರೆ ಎತ್ತರದ ಭಾಗಗಳೆಲ್ಲ, ದೊರೆಯ ಗಡ್ಡ, ಕಿರೀಟ, ಗಲ್ಲ, ಒಟ್ಟಿಗೇ ನುಣುಪಾಗುತ್ತವೆ.

ಯಂತ್ರಕ್ಕಿಂತ ಹಿಂದಿನ ನಾಣ್ಯಗಳಿಗೆ ಮಾತ್ರ ಈ ಅಳತೆಗೋಲು ಸಲ್ಲದು. ಹೈದರಾಬಾದಿನ ಟಂಕಸಾಲೆ 1903ರಲ್ಲಿ ಸೈಫಾಬಾದಿಗೆ ಸಾಗಿತು. ಚಾರ್‌ಮಿನಾರಿನ ರೂಪಾಯಿ ಯಂತ್ರದ ಕೂಸು. ಅದಕ್ಕೂ ಹಿಂದೆ ಕೈಯಿಂದ ಬಡಿದ ಸಿಕ್ಕಾಗಳಲ್ಲಿ ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಬರಹ ಅರ್ಧಂಬರ್ಧ ಮೂಡುವುದೇ ವಾಡಿಕೆ. ವಿಜಯನಗರದ ತಾಮ್ರದ ಕಾಸುಗಳಲ್ಲಿಯೂ ಚಿತ್ರ ಪಕ್ಕಕ್ಕೆ ಸರಿದಿರುವುದು ಸಾಮಾನ್ಯ. ಅದು ತಪ್ಪಲ್ಲ, ಅಂದಿನ ರೀತಿ. ಹಾಗೆಯೇ 1943ರಿಂದ 1947ರವರೆಗಿನ ತೂತಿನ ಕಾಸು ಯುದ್ಧಕಾಲದಲ್ಲಿ ತಾಮ್ರದ ಉಳಿತಾಯಕ್ಕೆಂದು ಹೂಡಿದ ಉಪಾಯ. ಸರಕ್ಕೆಂದು ಕೊರೆದ ತೂತು ಅಕ್ಷರವನ್ನು ಸೀಳಿರುತ್ತದೆ. ಕೊಂಡಿ ಬೆಸೆದ ಗುರುತು ಅಂಚಿನಲ್ಲಿ ಉಳಿದಿರುತ್ತದೆ. ಬೆಳ್ಳಿಯನ್ನು ಪರೀಕ್ಷಿಸಲು ಸರಾಫರು ಒತ್ತಿದ ಚಿಕ್ಕ ಮುದ್ರೆಗಳೂ ತಪ್ಪುಗಳಲ್ಲ. ಆ ನಾಣ್ಯ ಕಂಡ ಪೇಟೆಗಳ ಸಾಕ್ಷಿಗಳು.

ಕೊನೆಗೊಂದು ಬಿನ್ನಹ. ಅನುಮಾನದ ನಾಣ್ಯವನ್ನು ಹುಣಸೆಹುಳಿ, ಬೂದಿ ಹಾಕಿ ಬೆಳಗಬೇಡಿರಿ. ಉಜ್ಜಿದೊಡನೆ ಮೇಲಿನ ಪದರ ಹೋಗುತ್ತದೆ. ಸಾಕ್ಷಿಯೂ ಅದರೊಡನೆ ಹೋಗುತ್ತದೆ. ಅಂಚು ಹಿಡಿದೆತ್ತಿ, ಅದೇ ಜಾತಿಯ ಒಳ್ಳೆಯ ನಾಣ್ಯವೊಂದರ ಪಕ್ಕದಲ್ಲಿಟ್ಟು ಹೋಲಿಸಿರಿ. ನಾಣ್ಯವನ್ನು ನೋಡುವ ಮೊದಲೇ ಬೆಲೆ ಹೇಳಿ ಮುಂಗಡ ಕೇಳುವವನಿಗೆ ಬಾಗಿಲು ತೆರೆಯಬೇಡಿರಿ. ಪರೀಕ್ಷೆಯಲ್ಲಿ ಅದು ಬರಿಯ ಸವೆದ ರೂಪಾಯಿಯೆಂದು ತಿಳಿದರೂ ನಷ್ಟವೇನಿಲ್ಲ. ಅದನ್ನು ಸವೆಸಿದವು ನಮ್ಮ ಹಿರಿಯರ ಬೆರಳುಗಳು.