ಕೈ ಚರ್ಮ ಸುಲಿಯುತ್ತಿದೆಯೇ? ಕಡೆಗಣಿಸಬೇಡಿ

ಸೋದರಿಯರೇ, ಕೊಟ್ಟಿಗೆ ತೊಳೆದು, ಹಾಲಿನ ಪಾತ್ರೆ ಉಜ್ಜಿ, ಮತ್ತೆ ಮನೆಗೆಲಸಕ್ಕೆ ಇಳಿಯುವ ನಮ್ಮ ಕೈ ದಿನವಿಡೀ ಒದ್ದೆ. ನೀರು, ಸೋಪಿನ ಪುಡಿ, ವಾಷಿಂಗ್ ಸೋಡಾ, ಬ್ಲೀಚಿಂಗ್ ಪುಡಿ ಚರ್ಮದ ಸಹಜ ಎಣ್ಣೆಯಂಶವನ್ನು ತೆಗೆದುಬಿಡುತ್ತವೆ. ಆಗ ಚರ್ಮ ಒಣಗಿ, ಸುಲಿದು, ಬಿರುಕು ಬಿಡುತ್ತದೆ. ಚಳಿಗಾಲದಲ್ಲಿ ಇದು ಇನ್ನೂ ಹೆಚ್ಚು.

ಬಿರುಕಿನಲ್ಲಿ ಸೇರಿದ ರೋಗಾಣು ಹಾಲು ಕರೆಯುವಾಗ ಮೊಲೆತೊಟ್ಟಿಗೆ ತಗುಲಿ ಕೆಚ್ಚಲು ಬಾವಿಗೂ ಕಾರಣವಾಗಬಹುದು.

ಹೀಗೆ ಮಾಡಿ:

• ಪಾತ್ರೆ, ಕೊಟ್ಟಿಗೆ ತೊಳೆಯುವಾಗ ರಬ್ಬರ್ ಕೈಗವಸು ಹಾಕಿಕೊಳ್ಳಿ. ಒಳಗೆ ಒದ್ದೆಯಾದರೆ ತೆಗೆದು ಒಣಗಿಸಿ.
• ಸೋಪಿನ ಅಂಶ ಉಳಿಯದಂತೆ ಕೈ ತೊಳೆದು, ಬೆರಳ ಸಂದಿಯನ್ನೂ ಒರೆಸಿ.
• ಕೂಡಲೇ ವ್ಯಾಸಲೀನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ. ಹಾಲು ಕರೆಯುವ ಮೊದಲು ಬೇಡ. ಕರೆದಾದ ಮೇಲೆ ಮತ್ತು ಮಲಗುವಾಗ ಹಚ್ಚಿ.
• ಸುಲಿದ ಚರ್ಮವನ್ನು ಕೀಳಬೇಡಿ.

ಒಂದೇ ಕೈ ಸುಲಿಯುತ್ತಿದ್ದರೆ ಅಥವಾ ದುಂಡನೆಯ, ತುರಿಸುವ ಕಲೆ ಎದ್ದರೆ ಅದು ಹುಳುಕಡ್ಡಿ ಇರಬಹುದು. ಇದು ಕರುಗಳಿಂದಲೂ ಅಂಟುತ್ತದೆ. ಕರುವಿನ ಮೈಯಲ್ಲಿ ಕೂದಲುದುರಿದ ಬೂದು ಮಚ್ಚೆ ಕಂಡರೆ ಪಶುವೈದ್ಯರಿಗೆ ತೋರಿಸಿ.

ಔಷಧಿ ಅಂಗಡಿಯಲ್ಲಿ ಕೊಟ್ಟ ಮುಲಾಮನ್ನು ವೈದ್ಯರನ್ನು ಕೇಳದೆ ಹಚ್ಚಬೇಡಿ. ಕೆಲವು ಮುಲಾಮುಗಳಿಂದ ಹುಳುಕಡ್ಡಿ ಮತ್ತಷ್ಟು ಹರಡುತ್ತದೆ. ಕೀವು, ಊತ ಕಂಡರೆ ಅಥವಾ 2 ವಾರದಲ್ಲಿ ವಾಸಿಯಾಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.