ಸಭೆಯೋ, ಕೆಲಸವೋ? ವೀಸಾ ಎಳೆಯುವ ಗೆರೆ



ಓದು ಮುಗಿಸಿ ನೌಕರಿಗೆ ಸೇರಿದ ಮೇಲೆ ನಿಮ್ಮಲ್ಲಿ ಕೆಲವರನ್ನಾದರೂ ಕಂಪನಿಯವರು ಕರೆದು, ‘ಮೂರು ವಾರ ಅಮೆರಿಕಕ್ಕೆ ಹೋಗಿ ಬನ್ನಿ’ ಎನ್ನಬಹುದು. ಸಂತೋಷದ ಸುದ್ದಿಯೇ ಸರಿ. ಆದರೆ ಪೆಟ್ಟಿಗೆ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಅಲ್ಲಿ ನಾನು ಮಾಡಬೇಕಾದುದು ಏನು? ‘ಕೆಲವೇ ದಿನ ತಾನೆ, ಯಾವ ವೀಸಾ ಆದರೇನು?’ ಎಂದು ಅನೇಕರು ಭಾವಿಸುತ್ತಾರೆ. ಕಾನೂನು ಮೊದಲು ನೋಡುವುದು ದಿನಗಳ ಲೆಕ್ಕವನ್ನಲ್ಲ, ಕೆಲಸದ ಸ್ವರೂಪವನ್ನು.

ವ್ಯವಹಾರ ನಿಮಿತ್ತ ಬರುವ ಸಂದರ್ಶಕರಿಗೆ ಅಮೆರಿಕ ಬಿ-1 ವೀಸಾ ಕೊಡುತ್ತದೆ. ಸಭೆ, ಸಮ್ಮೇಳನ, ಒಪ್ಪಂದದ ಮಾತುಕತೆ, ಗಿರಾಕಿಗಳೊಡನೆ ಸಮಾಲೋಚನೆ ಇದರಲ್ಲಿ ಸಲ್ಲುತ್ತವೆ. ಸಂಬಳ ಮಾತ್ರ ಸ್ವದೇಶದ ಕಂಪನಿಯಿಂದಲೇ ಬರಬೇಕು. ಅಲ್ಲಿಯ ಸಂಸ್ಥೆಯ ದಿನನಿತ್ಯದ ಕೆಲಸಕ್ಕೆ ಕೈ ಹಾಕುವುದಾದರೆ ಬೇರೆ ವೀಸಾ ಬೇಕು. ತಜ್ಞ ವೃತ್ತಿಗಳಿಗಾಗಿ 1990ರ ಕಾಯಿದೆ ರೂಪಿಸಿದ ಎಚ್-1ಬಿ ಅಂಥದ್ದು. ಅದರ ಸಾಮಾನ್ಯ ವಾರ್ಷಿಕ ಮಿತಿ 65,000. ಅಮೆರಿಕದಲ್ಲೇ ಉನ್ನತ ಪದವಿ ಪಡೆದವರಿಗೆ ಇನ್ನೂ 20,000. ಸ್ಥಳೀಯವಾಗಿ ಚಾಲ್ತಿಯಲ್ಲಿರುವ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ಹೊರಗಿನವರನ್ನು ಅಗ್ಗವಾಗಿ ದುಡಿಸಿ ಊರಿನವರ ಕೂಲಿಗೆ ಕುತ್ತು ತರಬಾರದೆಂಬುದು ಇದರ ಹಿಂದಿನ ತರ್ಕ.

ಹಾಗಾದರೆ ತೊಡಕೆಲ್ಲಿ? ಯಂತ್ರವೊಂದರ ಉದಾಹರಣೆ ನೋಡೋಣ. ವಿದೇಶಿ ಕಂಪನಿ ಮಾರಿದ ಯಂತ್ರವನ್ನು ಜೋಡಿಸಿ ಕೊಡಬೇಕೆಂದು ಮಾರಾಟದ ಕರಾರಿನಲ್ಲೇ ಇದ್ದರೆ, ಆ ಕಂಪನಿಯ ತಜ್ಞರು ಬಿ-1ರಲ್ಲಿ ಬಂದು ಜೋಡಿಸಬಹುದು, ದುರಸ್ತಿ ಮಾಡಬಹುದು. ಇದೇ ಆಧಾರದಲ್ಲಿ ಕ್ಯಾಲಿಫೋರ್ನಿಯಾದ ಚಿನ್ನದ ಗಣಿ ಯೋಜನೆಯೊಂದಕ್ಕೆ ಪಶ್ಚಿಮ ಜರ್ಮನಿಯಿಂದ ಇಟ್ಟಿಗೆ ಕೆಲಸದವರು ಬಂದರು. ಸ್ಥಳೀಯ ಕಾರ್ಮಿಕ ಸಂಘ ನ್ಯಾಯಾಲಯಕ್ಕೆ ಹೋಯಿತು. 1985ರಲ್ಲಿ ತೀರ್ಪು ಸಂಘದ ಪರವಾಯಿತು. ಆ ಬಳಿಕ ನಿಯಮ ಬದಲಾಯಿತು: ಕಟ್ಟಡ ಕೆಲಸದ ಮೇಲ್ವಿಚಾರಣೆ ಮಾಡಬಹುದು, ಇತರರಿಗೆ ಕಲಿಸಬಹುದು, ತಾನೇ ಕರಣೆ ಹಿಡಿಯುವಂತಿಲ್ಲ.

ಈ ಗೆರೆ ಇಂದಿಗೂ ಜನರನ್ನು ಎಡವಿಸುತ್ತಿದೆ. 2025ರ ಸೆಪ್ಟೆಂಬರ್ 4ರಂದು ಜಾರ್ಜಿಯಾ ರಾಜ್ಯದಲ್ಲಿ ಹ್ಯುಂಡೈ ಮತ್ತು ಎಲ್‌ಜಿ ಕಂಪನಿಗಳ ಬ್ಯಾಟರಿ ಕಾರ್ಖಾನೆಯ ನಿರ್ಮಾಣ ಸ್ಥಳದ ಮೇಲೆ ದಾಳಿ ನಡೆದು 475 ಮಂದಿಯನ್ನು ಬಂಧಿಸಲಾಯಿತು. ಅವರಲ್ಲಿ 300ಕ್ಕೂ ಹೆಚ್ಚು ಜನ ದಕ್ಷಿಣ ಕೊರಿಯದವರು. ಅನೇಕರು ಬಂದಿದ್ದುದು ಅಲ್ಪಾವಧಿಯ ವ್ಯವಹಾರ ಪ್ರವೇಶದಲ್ಲೇ.

ನಮ್ಮ ಬೆಂಗಳೂರಿಗೂ ಈ ವಿಷಯ ಹೊಸದಲ್ಲ. ಎಚ್-1ಬಿ ಬೇಕಿದ್ದ ಕೆಲಸಕ್ಕೆ ಬಿ-1 ಬಳಸಿತೆಂಬ ಆರೋಪ ಇನ್ಫೋಸಿಸ್ ಮೇಲೆ ಬಂದಿತ್ತು. ಕಂಪನಿ ಅದನ್ನು ಅಲ್ಲಗಳೆಯಿತು, 2013ರಲ್ಲಿ 3.4 ಕೋಟಿ ಡಾಲರ್ ಕೊಟ್ಟು ಪ್ರಕರಣವನ್ನು ಇತ್ಯರ್ಥಪಡಿಸಿಕೊಂಡಿತು.

ಕಂಪನಿಯೇನೋ ಹಣ ಕೊಟ್ಟು ಮುಂದೆ ಸಾಗಬಹುದು. ಆದರೆ ವೀಸಾ ಅಧಿಕಾರಿಯ ಮುಂದೆ ನಿಂತು ಉತ್ತರ ಕೊಡುವವರು ನೀವು. ಬೇಕೆಂದೇ ಸುಳ್ಳು ಹೇಳಿದ್ದು ಸಾಬೀತಾದರೆ, ವಿಶೇಷ ವಿನಾಯಿತಿ ದೊರೆತ ಹೊರತು, ಆ ದೇಶದ ಬಾಗಿಲು ಜೀವನಪರ್ಯಂತ ಮುಚ್ಚಬಹುದು. ‘ಮೇಲಿನವರು ಹಾಗೆ ಹೇಳಲು ಹೇಳಿದ್ದರು’ ಎಂಬ ಸಮಜಾಯಿಷಿ ಅಲ್ಲಿ ನಿಮ್ಮನ್ನು ಕಾಯುವುದು ಕಷ್ಟ.

ಇನ್ನೊಂದು ಸಂಗತಿ ನೆನಪಿಡಿ. ವೀಸಾದ ಮೇಲಿನ ದಿನಾಂಕ ಬಾಗಿಲು ತಟ್ಟುವ ಅವಧಿ ಮಾತ್ರ. ಎಷ್ಟು ದಿನ ಇರಬಹುದೆಂದು ತೀರ್ಮಾನಿಸುವವರು ವಿಮಾನ ನಿಲ್ದಾಣದ ಅಧಿಕಾರಿ. ಅದು ಐ-94 ಎಂಬ ದಾಖಲೆಯಲ್ಲಿರುತ್ತದೆ.

ಆದ್ದರಿಂದ ಹೊರಡುವ ಮುನ್ನ ಆಹ್ವಾನ ಪತ್ರವನ್ನು ನೀವೇ ಓದಿ. ಅದರಲ್ಲಿ ಬರೆದಿರುವ ಕೆಲಸವೂ ನಿಮಗೆ ಹೇಳಿರುವ ಕೆಲಸವೂ ಒಂದೇ ಆಗಿವೆಯೇ? ಇಲ್ಲವಾದರೆ ಕಾರಣ ಕೇಳಿ. ಹೊಸಬರೆಂಬ ಸಂಕೋಚ ಬೇಡ. ಪಾಸ್‌ಪೋರ್ಟಿನಲ್ಲಿರುವುದು ನಿಮ್ಮ ಹೆಸರು.