ಹೆಸರುಕಾಳಿನ ತೇವ, ಕಂಪ್ಯೂಟರಿನ ಧಾರಣೆ

ಆಗಸ್ಟ್ ಮುಗಿಯುವ ಹೊತ್ತಿಗೆ ಗದಗ ಎಪಿಎಂಸಿಗೆ ಹೊಸ ಹೆಸರು ಬರತೊಡಗುತ್ತದೆ. ಮುಂಗಾರಿಗೆ ಎರಿ ಹೊಲದಲ್ಲಿ ಬಿತ್ತಿದ ಬೆಳೆ ಎರಡು ಎರಡೂವರೆ ತಿಂಗಳಲ್ಲಿ ರಾಶಿಯಾಗುತ್ತದೆ. ಅದೇ ಹೊಲಕ್ಕೆ ಹಿಂಗಾರಿ ಕಡಲೆಯನ್ನೋ ಜೋಳವನ್ನೋ ಬಿತ್ತಬೇಕಾದ್ದರಿಂದ ರೈತರಿಗೆ ಕಾಯಲು ಪುರಸೊತ್ತಿಲ್ಲ. ಹಾಗಾಗಿ ಆವಕವೆಲ್ಲ ಕೆಲವೇ ವಾರಗಳಲ್ಲಿ ಬಂದು ಬೀಳುತ್ತದೆ.

ಆ ವಾರಗಳಲ್ಲಿ ಬೇಳೆ ಮಿಲ್ಲಿನ ಮಾಲೀಕನ ತಲೆಯಲ್ಲಿ ಮೂರು ಬಗೆಯ ಪ್ರಶ್ನೆಗಳಿರುತ್ತವೆ. ಇವತ್ತು ಈ ಲಾಟಿಗೆ ಎಷ್ಟು ಬರೆಯಬೇಕು? ಈ ಹಂಗಾಮಿಗೆ ಎಷ್ಟು ದಾಸ್ತಾನು ಮಾಡಬೇಕು? ಗದಗ-ಬೆಟಗೇರಿಯಲ್ಲಷ್ಟೇ ಕೊಳ್ಳಬೇಕೋ, ಲಕ್ಷ್ಮೇಶ್ವರ, ಮುಂಡರಗಿಗೂ ಕೈ ಚಾಚಬೇಕೋ? ಅಮೆರಿಕದ ಎಂಐಟಿಯ ಗೋರಿ ಮತ್ತು ಸ್ಕಾಟ್ ಮಾರ್ಟನ್ 1971ರಲ್ಲಿ ವ್ಯವಸ್ಥಾಪಕರ ತೀರ್ಮಾನಗಳನ್ನು ಹೆಚ್ಚುಕಡಿಮೆ ಹೀಗೆಯೇ ವಿಂಗಡಿಸಿದರು. ಸೂತ್ರಕ್ಕೆ ಸಿಗುವ ಲೆಕ್ಕವನ್ನು ಯಂತ್ರಕ್ಕೆ ಬಿಡಬಹುದು. ಸೂತ್ರಕ್ಕೆ ಸಿಗದ ಕಡೆ ಯಂತ್ರ ಮಾಹಿತಿಯನ್ನು ಒದಗಿಸಬಹುದೇ ಹೊರತು ತೀರ್ಮಾನ ಮನುಷ್ಯನದೇ.

ಎಪಿಎಂಸಿಯ ವ್ಯಾಪಾರವನ್ನು ಕಂಪ್ಯೂಟರಿಗೆ ತರುವ ವಿಚಾರದಲ್ಲಿ ಕರ್ನಾಟಕ ದೇಶಕ್ಕೆ ಮೊದಲು ದಾರಿ ತೋರಿಸಿತು. 2014ರಲ್ಲಿ ರಾಜ್ಯ ಸರ್ಕಾರ ಖಾಸಗಿ ಪಾಲುದಾರಿಕೆಯಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಶುರುಮಾಡಿತು. ರಾಜ್ಯದ ಬಹುತೇಕ ಪ್ರಮುಖ ಎಪಿಎಂಸಿಗಳು ಹಂತಹಂತವಾಗಿ ಅದರೊಳಗೆ ಬಂದವು. ಕೇಂದ್ರದ ಇಂಥದೇ ವೇದಿಕೆ ಇ-ನಾಮ್ ಬಂದದ್ದು ಅದಾದ ಎರಡು ವರ್ಷಕ್ಕೆ, 2016ರ ಏಪ್ರಿಲ್‌ನಲ್ಲಿ. ವೇದಿಕೆಯಲ್ಲಿ ಪ್ರತಿ ಲಾಟಿಗೂ ಒಂದು ಸಂಖ್ಯೆ. ಖರೀದಿದಾರ ಕಾಳು ನೋಡಿ ತನ್ನ ಬೆಲೆಯನ್ನು ಕಂಪ್ಯೂಟರಿಗೆ ಸೇರಿಸುತ್ತಾನೆ. ಇನ್ನೊಬ್ಬ ಎಷ್ಟು ಬರೆದನೆಂಬುದು ಅವನಿಗೆ ಕಾಣುವುದಿಲ್ಲ. ಸಮಯ ಮುಗಿದ ಮೇಲೆ ಹೆಚ್ಚು ಬರೆದವನ ಹೆಸರು ಹೊರಬೀಳುತ್ತದೆ, ಒಪ್ಪದಿದ್ದರೆ ರೈತ ಬೇಡ ಎನ್ನಬಹುದು. ಏಕೀಕೃತ ಪರವಾನಗಿ ಇದ್ದವನು ಒಂದಕ್ಕಿಂತ ಹೆಚ್ಚು ಮಾರುಕಟ್ಟೆಗಳಲ್ಲಿ ಬೆಲೆ ಬರೆಯಬಹುದು. ಮಿಲ್ಲಿನವನ ಮೂರನೆಯ ಪ್ರಶ್ನೆಗೆ ಅರ್ಥ ಬಂದದ್ದೇ ಆಗ.

ಹೆಚ್ಚು ಜನ ಬರೆದರೆ ಏನಾಗುತ್ತದೆ ಎಂಬುದಕ್ಕೆ ಹರಾಜು ಶಾಸ್ತ್ರದಲ್ಲಿ ಒಂದು ಚೊಕ್ಕ ಲೆಕ್ಕವಿದೆ. ಒಂದು ಲಾಟಿನ ಬೆಲೆ ಒಬ್ಬೊಬ್ಬ ಖರೀದಿದಾರನ ಪಾಲಿಗೆ ಕ್ವಿಂಟಲಿಗೆ 8,000ದಿಂದ 9,000 ರೂಪಾಯಿ ನಡುವೆ ಎಲ್ಲಾದರೂ ಇರಬಹುದು, ಎಲ್ಲ ಬೆಲೆಗೂ ಸಮ ಸಾಧ್ಯತೆ ಎಂದಿಟ್ಟುಕೊಳ್ಳಿ. ಇಬ್ಬರೇ ಇದ್ದರೆ ರೈತನಿಗೆ ಸರಾಸರಿ ಸಿಗುವುದು ಸುಮಾರು 8,333. ನಾಲ್ವರಾದರೆ 8,600. ಒಂಬತ್ತು ಮಂದಿಯಾದರೆ 8,800. ಕಾಳು ಅದೇ, ಮಿಲ್ಲು ಅದೇ. ಪೈಪೋಟಿ ಒಂದೇ ಬದಲಾದದ್ದು. ಆದ್ದರಿಂದ ಮಾರುಕಟ್ಟೆ ನಡೆಸುವವರು ದಿನದ ಕೊನೆಗೆ ಮೊದಲು ನೋಡಬೇಕಾದದ್ದು ಒಟ್ಟು ಆವಕವನ್ನಲ್ಲ, ಲಾಟಿಗೆ ಎಷ್ಟು ಮಂದಿ ಬರೆದರು ಎಂಬುದನ್ನು ಎಂದು ನಾನು ಒತ್ತಿ ಹೇಳುತ್ತೇನೆ. ಚೀಟಿ ಬರೆದು ಪೆಟ್ಟಿಗೆಗೆ ಹಾಕುತ್ತಿದ್ದ ಕಾಲದಲ್ಲಿ ಈ ಲೆಕ್ಕ ತೆಗೆಯುವುದು ದೊಡ್ಡ ಕೆಲಸ. ಈಗ ಅದು ಯಂತ್ರದೊಳಗೇ ಇದೆ, ಕೇಳುವವರು ಬೇಕು.

ಇಷ್ಟೆಲ್ಲ ಆಗಿ ರೈತರಿಗೆ ಬಂದ ಲಾಭ ಎಷ್ಟು? ಎಂಐಟಿ ಸಂಶೋಧಕರು ರಾಜ್ಯದ ಮಾರುಕಟ್ಟೆಗಳ ಧಾರಣೆಯನ್ನು ಅಧ್ಯಯನ ಮಾಡಿ 2020ರಲ್ಲಿ ಪ್ರಕಟಿಸಿದ ಉತ್ತರ ಹೀಗಿದೆ: ವೇದಿಕೆಯಿಂದಾಗಿ ಭತ್ತದ ಧಾರಣೆ ಸರಾಸರಿ ಶೇ 5.1, ಶೇಂಗಾದ್ದು ಶೇ 3.6, ಗೋವಿನಜೋಳದ್ದು ಶೇ 3.5 ಏರಿತು. ಹತ್ತಿ, ತೊಗರಿ, ಹೆಸರು ಈ ಮೂರರಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ.

ಶಿರಹಟ್ಟಿ, ಲಕ್ಷ್ಮೇಶ್ವರದ ಶೇಂಗಾ ರೈತರಿಗೆ ಇದು ಸಮಾಧಾನದ ಸುದ್ದಿ. ಹೆಸರು, ಹತ್ತಿ ಎರಡನ್ನೂ ನೆಚ್ಚಿಕೊಂಡ ಗದಗ ಸೀಮೆ ಮಾತ್ರ ಯೋಚಿಸಬೇಕು. ಕಾರಣ ಒಂದೇ ಇರಲಾರದು. ಆದರೆ ನನಗೆ ಎದ್ದು ಕಾಣುವುದು ಗುಣಮಟ್ಟದ ಮಾಹಿತಿಯ ಕೊರತೆ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಹೆಸರಿನ ಬಣ್ಣ ಹೋಗುತ್ತದೆ, ಕಾಳು ತೇವ ಉಳಿಸಿಕೊಳ್ಳುತ್ತದೆ. ದೂರದೂರಿನಲ್ಲಿ ಕುಳಿತವನಿಗೆ ಪರದೆಯಲ್ಲಿ ಲಾಟಿನ ಸಂಖ್ಯೆ, ತೂಕ ಕಾಣುತ್ತವೆಯೇ ಹೊರತು ಒಳಗಿನ ತೇವ ಕಾಣದು. ಮಾಲಿನ ಗುಣ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಒಳ್ಳೆಯ ಮಾಲಿಗೂ ಕೆಟ್ಟ ಮಾಲಿನ ಬೆಲೆಯೇ ಬರುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆ ಕೊಟ್ಟು ವಿವರಿಸಿದರು. 2001ರಲ್ಲಿ ನೊಬೆಲ್ ಹಂಚಿಕೊಂಡರು.

ಇದೇ ತೊಡಕು ಸಾಲದ ವಿಷಯದಲ್ಲೂ ಇದೆ, ಅದಕ್ಕೆ ಗದಗ ತಾಲ್ಲೂಕಿನ ಕಣಗಿನಹಾಳದಲ್ಲೇ ಒಂದು ಪರಿಹಾರ ಹುಟ್ಟಿತ್ತು. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಸಹಕಾರ ಸಂಘ ಕಟ್ಟಿದರು. ಯಾರು ಸಾಲ ತೀರಿಸಬಲ್ಲರು ಎಂಬುದು ಒಂದೇ ಊರಿನವರಿಗೆ ಕೇಳದೆಯೇ ಗೊತ್ತು, ಹೊರಗಿನ ಬ್ಯಾಂಕಿಗೆ ಗೊತ್ತಿಲ್ಲ. ಊರೊಳಗಿನ ಆ ತಿಳಿವಳಿಕೆಯೇ ಸಂಘದ ಬಂಡವಾಳ. ರಾಜ್ಯದಷ್ಟು ಅಗಲದ ಮಾರುಕಟ್ಟೆಯಲ್ಲಿ ಅಂಥ ಪರಿಚಯ ಸಾಧ್ಯವಿಲ್ಲ, ಅಲ್ಲಿ ಅಳತೆಯೇ ಬೇಕು.

ತೇವದ ಅಳತೆ ಕಷ್ಟದ್ದೇನಲ್ಲ. ಒಣ ಕಾಳು ವಿದ್ಯುತ್ ಕ್ಷೇತ್ರಕ್ಕೆ ಸ್ಪಂದಿಸುವುದಕ್ಕಿಂತ ನೀರು ಹಲವು ಪಟ್ಟು ಹೆಚ್ಚು ಸ್ಪಂದಿಸುತ್ತದೆ. ಹಿಡಿ ಕಾಳನ್ನು ಎರಡು ಲೋಹದ ಫಲಕಗಳ ನಡುವೆ ಹಾಕಿ ಆ ವ್ಯತ್ಯಾಸವನ್ನು ಅಳೆಯುವ ಮೀಟರು ತೇವಾಂಶವನ್ನು ಕೂಡಲೇ ತೋರಿಸುತ್ತದೆ. ಆ ಅಂಕಿಯ ತೂಕ ನೋಡಿ: ಶೇ 16 ತೇವವಿರುವ ಒಂದು ಕ್ವಿಂಟಲ್ ಹೆಸರನ್ನು ಶೇ 12ಕ್ಕೆ ಒಣಗಿಸಿದರೆ ಉಳಿಯುವುದು ತೊಂಬತ್ತೈದೂವರೆ ಕೆಜಿಗೆ ತುಸು ಕಡಿಮೆ. ಸುಮಾರು ನಾಲ್ಕೂವರೆ ಕೆಜಿ ಗಾಳಿಗೆ. ಇಡೀ ಆನ್‌ಲೈನ್ ವ್ಯವಸ್ಥೆ ಶೇಂಗಾ ರೈತನಿಗೆ ತಂದುಕೊಟ್ಟ ಶೇ 3.6ಕ್ಕಿಂತ ಇದು ದೊಡ್ಡದು. ಗುಣ ತಿಳಿಯದ ಖರೀದಿದಾರ ಈ ನಷ್ಟವನ್ನು ಮೊದಲೇ ಮುರಿದುಕೊಂಡು ಬೆಲೆ ಬರೆಯುತ್ತಾನೆ. ಚೆನ್ನಾಗಿ ಒಣಗಿಸಿ ತಂದ ರೈತನೂ ಅದರಡಿ ಸಿಕ್ಕಿಬೀಳುತ್ತಾನೆ.

ಬೆಂಬಲ ಬೆಲೆಯ ಖರೀದಿ ಕೇಂದ್ರಗಳಲ್ಲಿ ಹೆಸರಿನ ತೇವಾಂಶ ಶೇ 12 ಮೀರುವಂತಿಲ್ಲ ಎಂಬ ನಿಯಮವಿದೆ. 2025-26ರಲ್ಲಿ ಕ್ವಿಂಟಲಿಗೆ 8,768 ರೂಪಾಯಿ ದರ ಸಿಗಬೇಕಾದರೆ ಮೀಟರಿನ ಪರೀಕ್ಷೆ ದಾಟಲೇಬೇಕಿತ್ತು. ಅಂದರೆ ಮೀಟರೂ ಇದೆ, ಅದನ್ನು ಬಳಸಬಲ್ಲವರೂ ಇದ್ದಾರೆ. ಲಾಟಿಗೆ ಸಂಖ್ಯೆ ಕೊಡುವಾಗಲೇ ಅದರ ತೇವಾಂಶವನ್ನೂ ದಾಖಲಿಸಿ ಪರದೆಯಲ್ಲಿ ತೋರಿಸಿದರೆ, ಮುಂಡರಗಿಯ ಮಾಲಿಗೆ ಗದಗಿನಲ್ಲೋ ಇನ್ನೂ ದೂರದಲ್ಲೋ ಕುಳಿತವನು ಧೈರ್ಯದಿಂದ ಬೆಲೆ ಬರೆಯಬಹುದು. ಮುಂದಿನ ಹಂಗಾಮಿಗೆ ಮುಂಚೆ ಎಪಿಎಂಸಿ ಸಮಿತಿಗಳು ಇದನ್ನೊಂದು ಮಾಡಲಿ, ಆಮೇಲೆ ಲಾಟಿಗೆ ಎಷ್ಟು ಮಂದಿ ಬರೆದರೆಂದು ಹಿಂದಿನ ವರ್ಷದ ಜತೆ ಹೋಲಿಸಿ ನೋಡಲಿ.